ಸೂಪರ್‌ಹೀರೋ ಸಿನಿಮಾ, ಕಣ್ಣೀರಿನ ಡ್ರಾಮಾ: ಸತ್ತವರು ಮರಳಿ ಬಂದರೆ ಕಥೆಗೆ ಏನಾಗುತ್ತದೆ?

2019ರಲ್ಲಿ ಸ್ಕಾರ್ಲೆಟ್ ಜೊಹಾನ್ಸನ್ ಎರಡು ಬೇರೆ ಬೇರೆ ಥರದ ನೋವನ್ನು ತೆರೆಯ ಮೇಲೆ ತಂದರು. ಏಪ್ರಿಲ್‌ನಲ್ಲಿ ಬಂದ ‘ಅವೆಂಜರ್ಸ್: ಎಂಡ್‌ಗೇಮ್’ನಲ್ಲಿ ಅವರು ನತಾಶಾ, ಅಂದರೆ ಬ್ಲ್ಯಾಕ್ ವಿಡೋ ಅನ್ನುವ ಸೂಪರ್‌ಹೀರೋ. ಗೆಳೆಯ ಸಾಯಬಾರದು ಅಂತ ಅವನ ಹಿಡಿತ ಬಿಡಿಸಿಕೊಂಡು ತಾನೇ ಪ್ರಪಾತಕ್ಕೆ ಬೀಳುತ್ತಾಳೆ. ವರ್ಷದ ಕೊನೆಗೆ ಬಂದ ‘ಮ್ಯಾರೇಜ್ ಸ್ಟೋರಿ’ಯಲ್ಲಿ ಅವರು ನಿಕೋಲ್. ಅಲ್ಲಿ ಯಾರೂ ಸಾಯುವುದಿಲ್ಲ. ಗಂಡ ಹೆಂಡತಿ ಬೇರೆಯಾಗುತ್ತಾರೆ, ಅಷ್ಟೇ. ಮೊದಲನೆಯದರಲ್ಲಿ ಬ್ರಹ್ಮಾಂಡದ ಅರ್ಧದಷ್ಟು ಜೀವಿಗಳು ಬದುಕಬೇಕೋ ಬೇಡವೋ ಅನ್ನುವ ಪ್ರಶ್ನೆ. ಎರಡನೆಯದರಲ್ಲಿ ಒಬ್ಬ ಹುಡುಗ ನ್ಯೂಯಾರ್ಕ್‌ನಲ್ಲಿ ಬೆಳೆಯಬೇಕೋ ಲಾಸ್ ಏಂಜಲೀಸ್‌ನಲ್ಲಿ ಬೆಳೆಯಬೇಕೋ ಅನ್ನುವ ಪ್ರಶ್ನೆ.

ಮೊದಲ ಸಿನಿಮಾ ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು. ಎರಡನೆಯದು ಕೆಲವೇ ಥಿಯೇಟರ್‌ಗಳಲ್ಲಿ ಒಂದು ತಿಂಗಳು ಓಡಿ, ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಜೊಹಾನ್ಸನ್ ಅವರಿಗೆ ಅತ್ಯುತ್ತಮ ನಟಿ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಈ ಎರಡನೆಯದಕ್ಕೆ.

ಇಂಥ ಎರಡು ಸಿನಿಮಾಗಳನ್ನು ಎದುರುಬದುರು ನಿಲ್ಲಿಸಿ ವಾದ ಮಾಡುವುದು ಈಗ ಮಾಮೂಲಿ. ಒಂದು ಕಡೆಯವರು ಹೇಳುತ್ತಾರೆ: ಸೂಪರ್‌ಹೀರೋ ಸಿನಿಮಾ ಮಕ್ಕಳಾಟ, ಅದರಲ್ಲಿ ಭಾವನೆ ಎಲ್ಲಿದೆ? ಇನ್ನೊಂದು ಕಡೆಯವರು ಹೇಳುತ್ತಾರೆ: ದುಡ್ಡು ಕೊಟ್ಟು ಹೋಗಿ ಅಳೋದು ಯಾಕೆ, ಜೀವನದಲ್ಲಿ ಕಷ್ಟ ಕಡಿಮೆ ಇದೆಯಾ? ನನಗೆ ಈ ಎರಡೂ ಮಾತು ತಪ್ಪು ಅನ್ನಿಸುತ್ತದೆ. ಭಾವನೆ ಎರಡೂ ಕಡೆ ಇದೆ. ವ್ಯತ್ಯಾಸ ಇರುವುದು ಕಳೆದುಕೊಂಡದ್ದರ ವಿಷಯದಲ್ಲಿ. ಒಂದರಲ್ಲಿ ಕಳೆದುಕೊಂಡದ್ದು ಮರಳಿ ಸಿಗಬಹುದು. ಇನ್ನೊಂದರಲ್ಲಿ ಸಿಗುವುದಿಲ್ಲ. ಸೂಪರ್‌ಹೀರೋ ಸಿನಿಮಾಗಳು ಈಚೆಗೆ ಸೊರಗಿದ್ದಕ್ಕೂ, ಭಾವುಕ ಡ್ರಾಮಾಗಳು ಥಿಯೇಟರ್‌ನಿಂದ ಹೊರಬಿದ್ದದ್ದಕ್ಕೂ ಕಾರಣ ಹುಡುಕಬೇಕಾದರೆ ಇಲ್ಲಿಂದ ಶುರು ಮಾಡಬೇಕು.

ಈ ಜಗಳ ದೊಡ್ಡದಾದದ್ದೂ 2019ರಲ್ಲೇ. ಅಕ್ಟೋಬರ್‌ನಲ್ಲಿ ‘ಎಂಪೈರ್’ ಪತ್ರಿಕೆಯ ಸಂದರ್ಶನದಲ್ಲಿ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ, ‘ಅವೆಂಜರ್ಸ್’ ಮಾಡಿದ ಮಾರ್ವೆಲ್ ಕಂಪನಿಯ ಸಿನಿಮಾಗಳು ತಮ್ಮ ಪಾಲಿಗೆ ಸಿನಿಮಾ ಅಲ್ಲ, ಥೀಮ್ ಪಾರ್ಕ್‌ಗೆ ಹತ್ತಿರ ಎಂದರು. ಎಲ್ಲರಿಗೂ ನೆನಪಿರುವುದು ಈ ಒಂದು ಮಾತು. ಮುಂದಿನ ತಿಂಗಳು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಅವರು ಬರೆದ ಲೇಖನ ಅಷ್ಟು ಜನರಿಗೆ ನೆನಪಿಲ್ಲ. ಅಲ್ಲಿ ಅವರ ತಕರಾರು ಎರಡು. ಈ ಸಿನಿಮಾಗಳಲ್ಲಿ ಭಾವನಾತ್ಮಕವಾಗಿ ನಿಜವಾದ ಅಪಾಯ ಇಲ್ಲ, ಯಾವುದೂ ಪಣಕ್ಕೆ ಬೀಳುವುದಿಲ್ಲ ಅನ್ನುವುದು ಒಂದು. ಇವು ಥಿಯೇಟರ್‌ನ ತೆರೆಗಳನ್ನೆಲ್ಲ ತುಂಬಿಕೊಂಡಿರುವುದರಿಂದ ಬೇರೆ ಸಿನಿಮಾಗಳಿಗೆ ಜಾಗ ಇಲ್ಲ ಅನ್ನುವುದು ಇನ್ನೊಂದು. ಎರಡನೆಯ ಮಾತು ಪೂರ್ತಿ ನಿಜ. ಅವರದೇ ‘ದಿ ಐರಿಶ್‌ಮನ್’ ಮೂರೂವರೆ ಗಂಟೆಯ ಡ್ರಾಮಾ. ಅದನ್ನು ಮಾಡಲು ದುಡ್ಡು ಕೊಟ್ಟದ್ದು ನೆಟ್‌ಫ್ಲಿಕ್ಸ್, ಹಳೆಯ ಸ್ಟುಡಿಯೋಗಳಲ್ಲ. ಮೊದಲನೆಯ ಮಾತನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು.

‘ಎಂಡ್‌ಗೇಮ್’ನ ಒಂದು ದೃಶ್ಯ ನೋಡಿ. ಅರ್ಧ ಜಗತ್ತು ಬೂದಿಯಾಗಿ ಐದು ವರ್ಷ ಕಳೆದಿದೆ. ಒಂದು ಕೋಣೆಯಲ್ಲಿ ಕೆಲವರು ಕುರ್ಚಿ ಹಾಕಿಕೊಂಡು ಸುತ್ತಲೂ ಕೂತಿದ್ದಾರೆ. ನಡುವೆ ಕ್ಯಾಪ್ಟನ್ ಅಮೆರಿಕ, ಸಮವಸ್ತ್ರ ಇಲ್ಲದೆ, ಗುರಾಣಿ ಇಲ್ಲದೆ. ಒಬ್ಬ ಮನುಷ್ಯ ಐದು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬನ ಜೊತೆ ಊಟಕ್ಕೆ ಹೋದ ಕಥೆ ಹೇಳುತ್ತಾನೆ. ಊಟ ಶುರುವಾಗುವಾಗಲೇ ಎದುರಿಗಿದ್ದವನು ಅತ್ತನಂತೆ. ಊಟ ಮುಗಿಯುವ ಮೊದಲು ಇವನೂ ಅತ್ತನಂತೆ. ಆದರೂ ನಾಳೆ ಮತ್ತೆ ಭೇಟಿಯಾಗುತ್ತೇವೆ ಅನ್ನುತ್ತಾನೆ. ಆ ಪಾತ್ರ ಮಾಡಿದ್ದು ಚಿತ್ರದ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಜೋ ರೂಸೋ. ಹೊಡೆದಾಟ ಇಲ್ಲ, ಗ್ರಾಫಿಕ್ಸ್ ಇಲ್ಲ. ಇದನ್ನು ಕತ್ತರಿಸಿ ಯಾವುದಾದರೂ ಸಣ್ಣ ಬಜೆಟ್ಟಿನ ಡ್ರಾಮಾದೊಳಗೆ ಇಟ್ಟರೆ ಯಾರಿಗೂ ಅನುಮಾನ ಬರಲಿಕ್ಕಿಲ್ಲ.

ಮೂರು ಗಂಟೆಯ ಆ ಸಿನಿಮಾದ ಮೊದಲ ಭಾಗದಲ್ಲಿ ಇರುವುದು ಹೆಚ್ಚಾಗಿ ಇದೇ. ಸೋತವರು, ಕುಡಿತಕ್ಕೆ ಬಿದ್ದವರು, ನಿದ್ದೆ ಬಾರದವರು, ಕೆಲಸದಲ್ಲಿ ಮುಖ ಮುಚ್ಚಿಕೊಂಡವರು. ಸೂಪರ್‌ಹೀರೋ ಸಿನಿಮಾಗಳ ಪೈಕಿ ಜಾಸ್ತಿ ದುಡ್ಡು ಮಾಡಿದ ಸಿನಿಮಾ ದುಃಖದ ಮೇಲೆ ಇಷ್ಟು ಹೊತ್ತು ನಿಂತಿತ್ತು. ಆದ್ದರಿಂದ ‘ಅಲ್ಲಿ ಬರೀ ಹೊಡೆದಾಟ’ ಅನ್ನುವ ಮಾತು ಸಲ್ಲುವುದಿಲ್ಲ. ಅಷ್ಟಕ್ಕೂ ವೀರ, ಅದ್ಭುತ, ಕರುಣ ಬೇರೆ ಬೇರೆ ಮನೆಯವಲ್ಲ ಅನ್ನುವುದು ನಮ್ಮ ರಸ ವಿಚಾರ ಗೊತ್ತಿರುವವರಿಗೆ ಹೊಸದೇನಲ್ಲ. ಒಳ್ಳೆಯ ವೀರ ಕಥೆ ಯಾವಾಗಲೂ ಕರುಣವನ್ನು ಪಕ್ಕದಲ್ಲೇ ಕೂರಿಸಿಕೊಂಡಿರುತ್ತದೆ.

ಆದರೆ ಆಮೇಲೆ ಏನಾಗುತ್ತದೆ? ಕಾಲದಲ್ಲಿ ಹಿಂದಕ್ಕೆ ಹೋಗುವ ದಾರಿ ಸಿಗುತ್ತದೆ. ಬೂದಿಯಾದವರು ಎದ್ದು ಬರುತ್ತಾರೆ. ಅದು ಆಗಬೇಕು, ಯಾಕೆಂದರೆ ನೋಡುವವರು ಬಂದದ್ದೇ ಅದಕ್ಕೆ. ಆ ಕೋಣೆಯಲ್ಲಿ ಕೂತಿದ್ದವರ ಐದು ವರ್ಷದ ದುಃಖ ಈಗ ಒಂದು ಗೆಲುವಿನ ಮುನ್ನುಡಿ. ‘ಎಂಡ್‌ಗೇಮ್’ ಬರೆದವರು ಜಾಣರು, ಎಲ್ಲವನ್ನೂ ಮರಳಿಸಲಿಲ್ಲ. ನತಾಶಾ ಬರಲಿಲ್ಲ. ಐರನ್ ಮ್ಯಾನ್ ಆಗಿದ್ದ ಟೋನಿ ಸ್ಟಾರ್ಕ್ ಸತ್ತ. ಹಾಗೆ ಬಿಟ್ಟದ್ದರಿಂದಲೇ ಆ ಸಿನಿಮಾಕ್ಕೆ ತೂಕ ಬಂತು.

ಈಗ ಇನ್ನೊಂದು ಕಡೆಗೆ ಬರೋಣ. 2016ರ ‘ಮ್ಯಾಂಚೆಸ್ಟರ್ ಬೈ ದಿ ಸೀ’. ಕೆನೆತ್ ಲಾನರ್ಗನ್ ಬರೆದು ನಿರ್ದೇಶಿಸಿದ್ದು. ಲೀ ಅನ್ನುವವನು ಬಾಸ್ಟನ್ ಹತ್ತಿರ ಕಟ್ಟಡಗಳಲ್ಲಿ ನಲ್ಲಿ, ಚರಂಡಿ ರಿಪೇರಿ ಮಾಡಿಕೊಂಡಿರುತ್ತಾನೆ. ಅಣ್ಣ ಸಾಯುತ್ತಾನೆ. ಅಣ್ಣನ ಹದಿಹರೆಯದ ಮಗ ಪ್ಯಾಟ್ರಿಕ್‌ನನ್ನು ನೋಡಿಕೊಳ್ಳುವ ಹೊಣೆ ಇವನ ಮೇಲೆ ಬೀಳುತ್ತದೆ. ಚಳಿಗಾಲ, ನೆಲ ಹೆಪ್ಪುಗಟ್ಟಿದೆ, ಅಗೆಯಲು ಆಗುವುದಿಲ್ಲ. ವಸಂತ ಬರುವವರೆಗೆ ಹೆಣವನ್ನು ಶೀತಲ ಪೆಟ್ಟಿಗೆಯಲ್ಲಿ ಇಡಬೇಕು. ಹುಡುಗನಿಗೆ ಅದು ಇಷ್ಟ ಇಲ್ಲ. ಆದರೆ ಅವನು ಮಾಮೂಲಿನಂತೆ ಇರುತ್ತಾನೆ. ಹಾಕಿ ಆಡುತ್ತಾನೆ, ಇಬ್ಬರು ಗೆಳತಿಯರನ್ನು ಸಂಭಾಳಿಸುತ್ತಾನೆ, ಬ್ಯಾಂಡ್‌ನಲ್ಲಿ ಬಾರಿಸುತ್ತಾನೆ.

ಒಂದು ರಾತ್ರಿ ಅವನು ಫ್ರಿಜ್‌ನ ಫ್ರೀಜರ್ ಬಾಗಿಲು ತೆಗೆಯುತ್ತಾನೆ. ಒಳಗೆ ತುರುಕಿಟ್ಟ ಕೋಳಿ ಮಾಂಸದ ಪೊಟ್ಟಣಗಳು ಜಾರಿ ಬೀಳುತ್ತವೆ. ಎತ್ತಿ ಒಳಗೆ ತಳ್ಳುತ್ತಾನೆ, ಮತ್ತೆ ಬೀಳುತ್ತವೆ. ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ. ಹುಡುಗ ಕುಸಿದು ಹೋಗುತ್ತಾನೆ. ಲೀಗೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ. ಆಸ್ಪತ್ರೆಗೆ ಹೋಗೋಣವಾ, ಗೆಳೆಯರನ್ನು ಕರೆಯಲಾ ಅಂತ ಒದ್ದಾಡುತ್ತಾನೆ. ಹುಡುಗ ಕೋಣೆಯ ಬಾಗಿಲು ಹಾಕಿಕೊಂಡರೆ ಒದ್ದು ತೆಗೆಯುತ್ತಾನೆ. ಕೊನೆಗೆ ಸುಮ್ನೆ ಪಕ್ಕದಲ್ಲಿ ಕೂರುತ್ತಾನೆ.

ಇಲ್ಲಿ ಯಾರೂ ‘ಅಪ್ಪನ ನೆನಪಾಯಿತು’ ಅಂತ ಬಿಡಿಸಿ ಹೇಳುವುದಿಲ್ಲ. ಹಿನ್ನೆಲೆ ಸಂಗೀತ ನಮ್ಮ ಕೈ ಹಿಡಿದು ನಡೆಸುವುದಿಲ್ಲ. ಹೆಪ್ಪುಗಟ್ಟಿದ ಮಾಂಸ, ಹೆಪ್ಪುಗಟ್ಟಿದ ನೆಲ, ಎಲ್ಲೋ ಪೆಟ್ಟಿಗೆಯಲ್ಲಿ ಇರುವ ಅಪ್ಪ. ಇವನ್ನು ಸೇರಿಸುವ ಕೆಲಸ ನಮ್ಮದು. ಲೀ ಒಳಗೆ ಇದಕ್ಕಿಂತ ದೊಡ್ಡ ಗಾಯ ಇದೆ. ಅವನದೇ ತಪ್ಪಿನಿಂದ ಮನೆಗೆ ಬೆಂಕಿ ಬಿದ್ದು ಮೂರು ಮಕ್ಕಳು ಹೋಗಿವೆ. ಕೊನೆಯಲ್ಲಿ ಅವನು ಹುಡುಗನಿಗೆ ಹೇಳುವುದು ಇಷ್ಟೇ: ಇದನ್ನು ಗೆಲ್ಲಲು ನನ್ನಿಂದ ಆಗುತ್ತಿಲ್ಲ. ಇನ್ನೊಂದು ಸಿನಿಮಾ ಆಗಿದ್ದರೆ ಮಗುವಿನ ಜವಾಬ್ದಾರಿ ಅವನನ್ನು ಗುಣಪಡಿಸುತ್ತಿತ್ತು. ಇಲ್ಲಿ ಗುಣ ಆಗುವುದಿಲ್ಲ. ಅವನು ಬದುಕುತ್ತಾನೆ, ಹುಡುಗನನ್ನು ಪ್ರೀತಿಸುತ್ತಾನೆ, ಆದರೂ ಆ ಊರಲ್ಲಿ ಇರಲಾರ. ನೋವಿನ ಬಗ್ಗೆ ಇಷ್ಟು ಪ್ರಾಮಾಣಿಕವಾದ ಮಾತು ಈಚಿನ ಸಿನಿಮಾಗಳಲ್ಲಿ ಅಪರೂಪ. ಕೇಸಿ ಅಫ್ಲೆಕ್ ಅವರಿಗೆ ಅತ್ಯುತ್ತಮ ನಟ, ಲಾನರ್ಗನ್ ಅವರಿಗೆ ಚಿತ್ರಕಥೆಗಾಗಿ ಆಸ್ಕರ್ ಬಂತು.

ಸೂಪರ್‌ಹೀರೋ ಚೌಕಟ್ಟಿನಲ್ಲಿ ಇಷ್ಟು ದೂರ ಹೋದವರು ಇಲ್ಲವೇ? ಇದ್ದಾರೆ. 2017ರ ‘ಲೋಗನ್’ನಲ್ಲಿ ನಿರ್ದೇಶಕ ಜೇಮ್ಸ್ ಮ್ಯಾಂಗೋಲ್ಡ್ ‘ಎಕ್ಸ್-ಮೆನ್’ ಸೂಪರ್‌ಹೀರೋ ತಂಡದ, ಈಗ ಮುದುಕನಾದ ವುಲ್ವರಿನ್‌ನನ್ನು ತೋರಿಸಿದರು. ಗಾಯ ಮಾಯುವುದಿಲ್ಲ, ಕಣ್ಣು ಮಂಜು, ಕೈ ನಡುಗುತ್ತದೆ. ಬುದ್ಧಿ ಮಸುಕಾದ ಗುರುವನ್ನು ಬಚ್ಚಿಟ್ಟು ಔಷಧ ಕೊಟ್ಟು ನೋಡಿಕೊಳ್ಳುತ್ತಿದ್ದಾನೆ. ವಯಸ್ಸಾದ ಹೆತ್ತವರನ್ನು ನೋಡಿಕೊಂಡವರಿಗೆ ಆ ದೃಶ್ಯಗಳು ಬೇಗ ಮುಟ್ಟುತ್ತವೆ. ಕೊನೆಗೆ ಅವನು ಸಾಯುತ್ತಾನೆ. ಪುಟ್ಟ ಹುಡುಗಿ ಲಾರಾ ಸಮಾಧಿಯ ಮೇಲಿನ ಶಿಲುಬೆಯನ್ನು ಕಿತ್ತು, ಓರೆಯಾಗಿ ‘ಎಕ್ಸ್’ ಆಕಾರದಲ್ಲಿ ನೆಡುತ್ತಾಳೆ. ಆ ಚಿತ್ರಕ್ಕೆ ಅಳವಡಿಸಿದ ಚಿತ್ರಕಥೆಯ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಹದಿನೇಳು ವರ್ಷ ಈ ಪಾತ್ರ ಮಾಡಿದ ಹ್ಯೂ ಜಾಕ್‌ಮನ್ ಅವರಿಗೆ ಇದು ಸರಿಯಾದ ಬೀಳ್ಕೊಡುಗೆ ಅಂತ ಎಲ್ಲರೂ ಒಪ್ಪಿದರು.

ಏಳು ವರ್ಷ ಕಳೆದು 2024ರಲ್ಲಿ ‘ಡೆಡ್‌ಪೂಲ್ ಆಂಡ್ ವುಲ್ವರಿನ್’ ಬಂತು. ಅದು ಶುರುವಾಗುವುದೇ ಆ ಸಮಾಧಿಯನ್ನು ಅಗೆಯುವುದರಿಂದ. ಒಳಗೆ ಸಿಕ್ಕ ಲೋಹದ ಮೂಳೆಗಳನ್ನೇ ಆಯುಧ ಮಾಡಿಕೊಂಡು ಡೆಡ್‌ಪೂಲ್ ಹೊಡೆದಾಡುತ್ತಾನೆ. ಆಮೇಲೆ ಬೇರೊಂದು ಜಗತ್ತಿನಿಂದ ಬೇರೊಬ್ಬ ವುಲ್ವರಿನ್ ಬರುತ್ತಾನೆ, ಮುಖ ಅದೇ ಜಾಕ್‌ಮನ್‌ದು. ಸಿನಿಮಾ 130 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಜನ ಮನಸಾರೆ ನಕ್ಕರು, ಅದನ್ನು ತಪ್ಪು ಅನ್ನಲಾರೆ. ಹಾಸ್ಯವಾಗಿ ಅದು ಚುರುಕಾಗಿಯೇ ಇತ್ತು. ಆದರೆ ಮುಂದೆ ಯಾವ ಸೂಪರ್‌ಹೀರೋ ಸತ್ತರೂ ನೋಡುವವರ ತಲೆಯ ಹಿಂಬದಿಯಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಎಷ್ಟು ವರ್ಷಕ್ಕೆ ಮರಳುತ್ತಾನೆ? 2024ರ ಜುಲೈನಲ್ಲಿ ಸ್ಯಾನ್ ಡಿಯೇಗೋದ ಕಾಮಿಕ್-ಕಾನ್ ಅನ್ನುವ ಅಭಿಮಾನಿಗಳ ಮೇಳದ ವೇದಿಕೆಯಲ್ಲಿ, ಟೋನಿ ಸ್ಟಾರ್ಕ್ ಪಾತ್ರ ಮಾಡಿದ್ದ ರಾಬರ್ಟ್ ಡೌನಿ ಜೂನಿಯರ್ ಮುಖವಾಡ ತೆಗೆದು ನಿಂತರು. ಮುಂದಿನ ‘ಅವೆಂಜರ್ಸ್’ನಲ್ಲಿ ಅವರು ಡಾಕ್ಟರ್ ಡೂಮ್ ಅನ್ನುವ ಖಳ ಅಂತ ಘೋಷಣೆ ಆಯಿತು. ಪಾತ್ರ ಬೇರೆ, ಸರಿ. ಆದರೆ ಅದಕ್ಕೆ ಐದು ವರ್ಷ ಮೊದಲು ಜನ ಅತ್ತು ಕಳಿಸಿಕೊಟ್ಟ ಮುಖ ಅದು.

ಇದು ಒಬ್ಬ ನಿರ್ದೇಶಕನ ಸೋಮಾರಿತನ ಅಲ್ಲ. ಆ ವ್ಯಾಪಾರ ನಡೆಯುವುದೇ ಹೀಗೆ. ಕಾಮಿಕ್ಸ್‌ನಲ್ಲೂ ಹೀಗೇ ಇತ್ತು. 1938ರಲ್ಲಿ ಹುಟ್ಟಿದ ಸೂಪರ್‌ಮ್ಯಾನ್‌ನನ್ನು 1992ರಲ್ಲಿ ಕೊಂದರು, ಆ ಸಂಚಿಕೆಗೆ ಜನ ಮುಗಿಬಿದ್ದರು, ಮರುವರ್ಷವೇ ಅವನು ಎದ್ದು ಬಂದ. 2009ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಮಾರ್ವೆಲ್‌ ಕೊಳ್ಳಲು ಒಪ್ಪಿದಾಗ ಅದಕ್ಕೆ ಸಿಕ್ಕಿದ ದೊಡ್ಡ ಆಸ್ತಿ ಪಾತ್ರಗಳು. ಸಿನಿಮಾ, ಸೀರೀಸ್, ಆಟಿಕೆ, ಬಟ್ಟೆ, ಪಾರ್ಕ್, ಎಲ್ಲಕ್ಕೂ ಅದೇ ಮುಖ ಬೇಕು. ಅಂಥ ಆಸ್ತಿಯನ್ನು ಶಾಶ್ವತವಾಗಿ ಹೂಳಲು ಯಾವ ಕಂಪನಿಯೂ ಒಪ್ಪುವುದಿಲ್ಲ. ಡ್ರಾಮಾದ ಲೀಗೆ ಆ ಭಾರ ಇಲ್ಲ. ಅವನ ಹೆಸರಲ್ಲಿ ಮುಂದಿನ ಭಾಗ ಬರಬೇಕಾಗಿಲ್ಲ. ಹಾಗಾಗಿ ಬರೆಯುವವನು ಅವನನ್ನು ಮುರಿದ ಸ್ಥಿತಿಯಲ್ಲೇ ಬಿಟ್ಟು ಹೋಗಬಹುದು.

ಸಿನಿಮಾ ತಯಾರಾಗುವ ಬಗೆಯೂ ಇದಕ್ಕೆ ಸೇರಿಕೊಂಡಿದೆ. ದೊಡ್ಡ ಸೂಪರ್‌ಹೀರೋ ಚಿತ್ರಗಳಲ್ಲಿ ಕೊನೆಯ ಕಾಳಗವನ್ನು ಶೂಟಿಂಗ್‌ಗೆ ಎಷ್ಟೋ ಮೊದಲೇ ಕಂಪ್ಯೂಟರ್‌ನಲ್ಲಿ ಒರಟಾಗಿ ಮಾಡಿ ಇಟ್ಟಿರುತ್ತಾರೆ. ಅರ್ಜೆಂಟೀನಾದ ನಿರ್ದೇಶಕಿ ಲುಕ್ರೇಸಿಯಾ ಮಾರ್ಟೆಲ್ 2018ರಲ್ಲಿ ಹೇಳಿದ ಒಂದು ಸಂಗತಿ ಇದೆ. ‘ಬ್ಲ್ಯಾಕ್ ವಿಡೋ’ ಬಗ್ಗೆ ಮಾರ್ವೆಲ್‌ನವರು ಅವರ ಜೊತೆ ಮಾತಾಡಿದ್ದರು. ಹೊಡೆದಾಟದ ದೃಶ್ಯಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದನ್ನು ನಾವು ನೋಡಿಕೊಳ್ಳುತ್ತೇವೆ ಅಂದರಂತೆ. ಅಂದರೆ ಭಾವನೆ ಒಬ್ಬರದು, ಹೊಡೆದಾಟ ಇನ್ನೊಬ್ಬರದು. ಎರಡನ್ನೂ ಒಂದೇ ಮನಸ್ಸು ಯೋಚಿಸದಿದ್ದರೆ ಹೊಲಿಗೆ ಕಾಣುತ್ತದೆ. ಎಷ್ಟೋ ಚಿತ್ರಗಳಲ್ಲಿ ಒಂದೂವರೆ ಗಂಟೆ ಮನಸ್ಸಿಗೆ ಹತ್ತಿರ ಬಂದ ಕಥೆ, ಕೊನೆಯ ಅರ್ಧ ಗಂಟೆಯಲ್ಲಿ ಯಾರದೋ ಕೈಗೆ ಹೋದಂತೆ ಅನ್ನಿಸುವುದು ಇದಕ್ಕೇ. ಆ ಕಾಳಗದ ಹಿಂದೆ ಹಗಲಿರುಳು ದುಡಿಯುವ ಗ್ರಾಫಿಕ್ಸ್ ಕೆಲಸಗಾರರ ಪಾಡೂ ಸುಲಭದ್ದಲ್ಲ. ಮಾರ್ವೆಲ್ ಸ್ಟುಡಿಯೋಸ್‌ನ ವಿಎಫ್‌ಎಕ್ಸ್ ಸಿಬ್ಬಂದಿ 2023ರ ಸೆಪ್ಟೆಂಬರ್‌ನಲ್ಲಿ ಒಕ್ಕೊರಲಿನಿಂದ ಮತ ಹಾಕಿ ಕಾರ್ಮಿಕ ಸಂಘ ಸೇರಿದರು.

ಇದಕ್ಕೆ ನೋಡುವವರಿಂದ ಪೆಟ್ಟು ತಿನ್ನುವ ಹೊತ್ತು ಬಂದದ್ದೂ 2023ರಲ್ಲಿ. ‘ದಿ ಮಾರ್ವೆಲ್ಸ್’ ಜಗತ್ತಿನಾದ್ಯಂತ ಸುಮಾರು 20 ಕೋಟಿ ಡಾಲರ್‌ಗೆ ನಿಂತಿತು. ಮಾರ್ವೆಲ್ ಸರಣಿಯಲ್ಲೇ ಅದು ಅತಿ ಕಡಿಮೆ. ಅದೇ ವರ್ಷ ಮಾರ್ವೆಲ್‌ನ ಪ್ರತಿಸ್ಪರ್ಧಿ ಡಿಸಿಯ ‘ದಿ ಫ್ಲ್ಯಾಶ್’ ಕೂಡ ಸೋತಿತು. ಡಿಸ್ನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್, ಸೀರೀಸ್‌ಗಳನ್ನು ಒಂದರ ಮೇಲೊಂದು ಬಿಟ್ಟು ಗಮನ ತೆಳುವಾಯಿತು ಅಂತ ಒಪ್ಪಿಕೊಂಡು, ಸಂಖ್ಯೆ ಇಳಿಸುವುದಾಗಿ ಹೇಳಿದರು. ಇದನ್ನು ‘ಸೂಪರ್‌ಹೀರೋ ಆಯಾಸ’ ಅಂತ ಕರೆಯುತ್ತಾರೆ. ಜಾಸ್ತಿ ಬಂದದ್ದು ಕಾರಣ ಹೌದು, ಆದರೆ ಅಷ್ಟೇ ಅಲ್ಲ. ಬಹುಜಗತ್ತು ಅನ್ನುವ ಕಲ್ಪನೆ ಬಂದ ಮೇಲೆ ಪ್ರತಿಯೊಬ್ಬನಿಗೂ ಎಣೆಯಿಲ್ಲದಷ್ಟು ಬದಲಿಗಳು. ಒಬ್ಬ ಹೋದರೆ ಪಕ್ಕದ ಜಗತ್ತಿನಿಂದ ಇನ್ನೊಬ್ಬ. ಹಾಗಿರುವಾಗ ಯಾರಿಗಾಗಿ ಹೆದರಬೇಕು?

ಇದಕ್ಕೆ ವಿರುದ್ಧವಾಗಿ ನಿಲ್ಲುವ ಉದಾಹರಣೆಯನ್ನೂ ಹೇಳಬೇಕು. 2025ರ ‘ಥಂಡರ್‌ಬೋಲ್ಟ್ಸ್’ ಖಿನ್ನತೆ ಮತ್ತು ಒಳಗಿನ ಖಾಲಿತನದ ಬಗ್ಗೆ ಮಾಡಿದ ಚಿತ್ರ. ಕೊನೆಯಲ್ಲಿ ಖಳನನ್ನು ಹೊಡೆದು ಉರುಳಿಸುವುದಿಲ್ಲ, ಅಪ್ಪಿ ಹಿಡಿಯುತ್ತಾರೆ. ವಿಮರ್ಶಕರು ಮೆಚ್ಚಿದರು. ಆದರೂ ಗಳಿಕೆ 40 ಕೋಟಿ ಡಾಲರ್ ದಾಟಲಿಲ್ಲ. ಹಾಗಾದರೆ ಭಾವನೆ ಹಾಕಿದರೆ ಜನ ಬರುತ್ತಾರೆ ಅನ್ನುವ ಲೆಕ್ಕ ಅಷ್ಟು ಸರಳ ಅಲ್ಲ. ನನಗೆ ಅನ್ನಿಸುವುದು, ಒಂದು ಒಳ್ಳೆಯ ಸಿನಿಮಾ ಇಡೀ ಸರಣಿ ಕಳೆದುಕೊಂಡ ನಂಬಿಕೆಯನ್ನು ಒಂದೇ ಏಟಿಗೆ ತರಲಾರದು.

ಡ್ರಾಮಾಗಳನ್ನು ತಲೆ ಮೇಲೆ ಹೊತ್ತು ಕುಣಿಯುವುದೂ ಬೇಡ. ಅಲ್ಲೂ ಸಿದ್ಧ ಅಚ್ಚು ಇದೆ. ಪ್ರಶಸ್ತಿ ಋತುವಿಗೆ ಅಂತಲೇ ವರ್ಷದ ಕೊನೆಗೆ ಬರುವ, ಕಾಯಿಲೆ, ಸಾವು, ಚಟ ಎಲ್ಲವನ್ನೂ ಒಂದೇ ಪಾತ್ರದ ಮೇಲೆ ಹೇರಿ, ನಟ ಮೈ ಇಳಿಸಿಕೊಂಡದ್ದನ್ನೇ ದೊಡ್ಡದು ಮಾಡುವ ಚಿತ್ರಗಳು ಎಷ್ಟಿಲ್ಲ? ಅತ್ತ ಮಾತ್ರಕ್ಕೆ ಆಳ ಬರುವುದಿಲ್ಲ. ನೋವನ್ನು ಪ್ರದರ್ಶನಕ್ಕೆ ಇಟ್ಟರೆ ಅದೂ ಸ್ಫೋಟದಷ್ಟೇ ಗದ್ದಲ. ‘ಮ್ಯಾಂಚೆಸ್ಟರ್’ನಂಥ ಚಿತ್ರ ಮುಟ್ಟುವುದು ಅದರಲ್ಲಿ ನಗುವೂ ಇರುವುದರಿಂದ. ಚಿಕ್ಕಪ್ಪ ಮತ್ತು ಹುಡುಗ ಕಾರು ಎಲ್ಲಿ ನಿಲ್ಲಿಸಿದ್ದೆವು ಅಂತ ಚಳಿಯಲ್ಲಿ ಕಿತ್ತಾಡುತ್ತಾ ಅಲೆಯುವುದು ಅದೇ ಸಿನಿಮಾದಲ್ಲಿದೆ.

ಈಗ ಜಾಗದ ಪ್ರಶ್ನೆಗೆ ಬರುತ್ತೇನೆ. ಜನಕ್ಕೆ ಡ್ರಾಮಾ ಬೇಡವಾಗಿದೆ ಅನ್ನುವ ಮಾತು ಸುಲಭವಾಗಿ ಬರುತ್ತದೆ, ಆದರೆ ಇತಿಹಾಸ ಹಾಗೆ ಹೇಳುವುದಿಲ್ಲ. ಕ್ರಿಸ್ಟಫರ್ ರೀವ್ ಅವರ ‘ಸೂಪರ್‌ಮ್ಯಾನ್’ ಬಂದದ್ದು 1978ರ ಡಿಸೆಂಬರ್‌ನಲ್ಲಿ. ಸರಿಯಾಗಿ ಒಂದು ವರ್ಷಕ್ಕೆ ‘ಕ್ರೇಮರ್ ವರ್ಸಸ್ ಕ್ರೇಮರ್’ ಬಂತು. ಹೆಂಡತಿ ಬಿಟ್ಟು ಹೋದ ಮೇಲೆ ಮಗನನ್ನು ಸಾಕಲು ಕಲಿಯುವ ಅಪ್ಪನ ಕಥೆ. ಬಜೆಟ್ ಸುಮಾರು 80 ಲಕ್ಷ ಡಾಲರ್. 1979ರಲ್ಲಿ ಬಿಡುಗಡೆಯಾದ ಚಿತ್ರಗಳ ಪೈಕಿ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಗಳಿಸಿದ್ದು ಅದೇ, 10 ಕೋಟಿ ಡಾಲರ್‌ಗೂ ಮೀರಿ. 1988ರಲ್ಲಿ ಆ ಜಾಗ ‘ರೇನ್ ಮ್ಯಾನ್’ಗೆ ಸಿಕ್ಕಿತು, ಇಬ್ಬರು ಅಣ್ಣತಮ್ಮಂದಿರು ಕಾರಿನಲ್ಲಿ ಹೋಗುವ ಕಥೆಗೆ. ‘ಮ್ಯಾರೇಜ್ ಸ್ಟೋರಿ’ ಮತ್ತು ‘ಕ್ರೇಮರ್’ ಎರಡೂ ಒಂದೇ ಸಂಕಟದ ಮೇಲೆ ಮಾಡಿದ ಚಿತ್ರಗಳು. ನಲವತ್ತು ವರ್ಷದಲ್ಲಿ ಮನುಷ್ಯರ ಮನಸ್ಸು ಅಷ್ಟು ಬದಲಾಯಿತಾ? ಬದಲಾದದ್ದು ಲೆಕ್ಕಾಚಾರ.

ನಟ ಮ್ಯಾಟ್ ಡೇಮನ್ 2021ರಲ್ಲಿ ಒಂದು ಸಂದರ್ಶನದಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ಮೊದಲು ಡಿವಿಡಿ ಇತ್ತು. ಥಿಯೇಟರ್‌ನಲ್ಲಿ ಹಾಕಿದ ದುಡ್ಡು ಪೂರ್ತಿ ಬರದಿದ್ದರೂ ಆರು ತಿಂಗಳಿಗೆ ಡಿವಿಡಿ ಬಂದಾಗ ಇನ್ನೊಂದು ಬಿಡುಗಡೆ ಆದಂತೆ ದುಡ್ಡು ಬರುತ್ತಿತ್ತು. ಆ ಭರವಸೆಯ ಮೇಲೆ ಸ್ಟುಡಿಯೋಗಳು ಮಧ್ಯಮ ಬಜೆಟ್ಟಿನ ಡ್ರಾಮಾ ಮಾಡುತ್ತಿದ್ದವು. ಡಿವಿಡಿ ಹೋಯಿತು, ಆ ಆಸರೆಯೂ ಹೋಯಿತು. ಇನ್ನೊಂದು ಕಡೆ ಪ್ರಚಾರದ ಖರ್ಚು ಇಳಿಯಲಿಲ್ಲ. ಎರಡೂವರೆ ಕೋಟಿ ಡಾಲರ್‌ನ ಡ್ರಾಮಾವನ್ನು ಜನರಿಗೆ ತಿಳಿಸಲು ಮತ್ತೆ ಅಷ್ಟೇ ದುಡ್ಡು ಬೇಕಾಗಬಹುದು. ಮೇಲಾಗಿ ಹೊಡೆದಾಟ ಎಲ್ಲ ಭಾಷೆಯವರಿಗೂ ಅರ್ಥ ಆಗುತ್ತದೆ. ಮಾತಿನಲ್ಲೇ ನಡೆಯುವ ಜಗಳ ಗಡಿ ದಾಟುವಾಗ ಸೋರಿಹೋಗುತ್ತದೆ.

ನಮ್ಮ ಮನಸ್ಸಿನ ಪಾಲೂ ಇದರಲ್ಲಿದೆ. 1999ರಲ್ಲಿ ಸಂಶೋಧಕರಾದ ಡೇನಿಯಲ್ ರೀಡ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಶೋಭನಾ ಕಲ್ಯಾಣರಾಮನ್ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಪಟ್ಟಿ ಕೊಟ್ಟು ಸಿನಿಮಾ ಆರಿಸಲು ಹೇಳಿದರು. ಇವತ್ತೇ ನೋಡುವುದಕ್ಕೆ ಜನ ಹಗುರವಾದ ಚಿತ್ರಗಳನ್ನು ಹೆಚ್ಚು ಆರಿಸಿದರು. ಮುಂದಿನ ದಿನಗಳಿಗೆ ಅಂತ ಕೇಳಿದಾಗ ಗಂಭೀರ ಚಿತ್ರಗಳು ಮೇಲೆ ಬಂದವು. ಒಟಿಟಿ ಇನ್ನೂ ಹುಟ್ಟಿರಲಿಲ್ಲ, ಆದರೆ ‘ಆಮೇಲೆ ನೋಡುವ’ ಪಟ್ಟಿ ಯಾಕೆ ಬೆಳೆಯುತ್ತಲೇ ಇರುತ್ತದೆ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ. ಮನೆಯಲ್ಲಿ ಡ್ರಾಮಾ ಯಾವಾಗಲೂ ನಾಳೆಯ ಸಿನಿಮಾ. ನೋಡಲು ಕೂತರೂ ಕಷ್ಟದ ಗಳಿಗೆ ಬಂದಾಗ ನಿಲ್ಲಿಸುವ ಬಟನ್ ಕೈಯಲ್ಲೇ ಇದೆ. ಫ್ರೀಜರ್ ಮುಂದೆ ಆ ಹುಡುಗ ಕುಸಿಯುವಾಗ ನಾವು ನೀರು ಕುಡಿಯಲು ಎದ್ದು ಹೋಗಬಹುದು. ಥಿಯೇಟರ್‌ನ ಕತ್ತಲಲ್ಲಿ ಹಾಗೆ ಆಗುವುದಿಲ್ಲ, ಅಲ್ವಾ? ಅವನ ಜೊತೆ ಕೂರಲೇಬೇಕು.

ಜೊತೆಯಲ್ಲಿ ಕೂತು ನೋಡುವುದಕ್ಕೆ ಇನ್ನೊಂದು ಅರ್ಥವೂ ಇದೆ. ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರಿಗೆ ಗುಂಪಾಗಿ ಒಂದು ದುಃಖಾಂತ ಚಿತ್ರ ತೋರಿಸಿದರು, ಇನ್ನು ಕೆಲವರಿಗೆ ಸಾಕ್ಷ್ಯಚಿತ್ರ. ನೋಡುವ ಮೊದಲು, ನೋಡಿದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಇಲ್ಲದೆ ಎಷ್ಟು ಹೊತ್ತು ಕೂರುತ್ತಾರೆ ಅಂತ ಅಳೆದರು. ದುಃಖದ ಚಿತ್ರ ಯಾರನ್ನು ನಿಜಕ್ಕೂ ಅಲುಗಾಡಿಸಿತೋ ಅವರ ನೋವು ತಡೆಯುವ ಶಕ್ತಿ ಹೆಚ್ಚಿತ್ತು, ಪಕ್ಕದಲ್ಲಿದ್ದ ಅಪರಿಚಿತರ ಬಗ್ಗೆ ಆಪ್ತ ಭಾವವೂ ಹೆಚ್ಚಿತ್ತು. ಎಲ್ಲರಿಗೂ ಹಾಗಾಗಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೂ ‘ದುಡ್ಡು ಕೊಟ್ಟು ಯಾಕೆ ಅಳಬೇಕು’ ಅನ್ನುವವರಿಗೆ ಇದು ಒಳ್ಳೆಯ ಉತ್ತರ. ‘ಎಂಡ್‌ಗೇಮ್’ನ ಕೊನೆಯಲ್ಲಿ ತುಂಬಿದ ಥಿಯೇಟರ್ ಒಟ್ಟಿಗೆ ಮೂಗು ಒರೆಸಿಕೊಂಡದ್ದರ ಹಿಂದೆಯೂ ಇದೇ ಇರಬೇಕು. ಡ್ರಾಮಾಗಳಿಂದ ಥಿಯೇಟರ್ ಕಿತ್ತುಕೊಂಡಾಗ ಗಳಿಕೆಯ ಜೊತೆ ಈ ಒಟ್ಟಿಗೆ ಅಳುವ ಅವಕಾಶವೂ ಹೋಯಿತು.

2023ರ ‘ಓಪನ್‌ಹೈಮರ್’ ಇದನ್ನು ಇನ್ನೊಂದು ಬಗೆಯಲ್ಲಿ ತೋರಿಸಿತು. ಮೂರು ಗಂಟೆ, ಹೆಚ್ಚಿನದು ಕೋಣೆಗಳಲ್ಲಿ ಕೂತು ಮಾತಾಡುವುದು, ನಡುವೆ ಅಣುಬಾಂಬ್ ಮಾಡಿದ ವಿಜ್ಞಾನಿಯ ಪಾಪಪ್ರಜ್ಞೆ. ಸುಮಾರು 10 ಕೋಟಿ ಡಾಲರ್ ಹಾಕಿ ಮಾಡಿದ್ದು 95 ಕೋಟಿಗೂ ಹೆಚ್ಚು ತಂದಿತು. ಕ್ರಿಸ್ಟಫರ್ ನೋಲನ್ ಈ ನಂಬಿಕೆ ಗಳಿಸಿದ್ದು ಬ್ಯಾಟ್‌ಮನ್ ಚಿತ್ರಗಳಿಂದ ಅನ್ನುವುದನ್ನು ಮರೆಯಬಾರದು. ಅವರ ಹೆಸರು, ಐಮ್ಯಾಕ್ಸ್ ತೆರೆ, ದೊಡ್ಡ ಪ್ರಚಾರ ಎಲ್ಲ ಸೇರಿ ಅದು ಹಬ್ಬವಾಯಿತು. ಎಲ್ಲ ಡ್ರಾಮಾಗೂ ಆ ಭಾಗ್ಯ ಇಲ್ಲ. ನಿರ್ದೇಶಕಿ ಕ್ಲೋಯಿ ಜಾವ್ ಅವರ ದಾರಿ ಇದಕ್ಕೆ ತಿರುಗುಮುರುಗು. ‘ನೋಮ್ಯಾಡ್‌ಲ್ಯಾಂಡ್’ಗೆ ಆಸ್ಕರ್ ಪಡೆದ ವರ್ಷವೇ, 2021ರಲ್ಲಿ, ಅವರ ಮಾರ್ವೆಲ್ ಚಿತ್ರ ‘ಇಟರ್ನಲ್ಸ್’ ಬಂತು. ಆಮೇಲೆ 2025ರಲ್ಲಿ ಮಗನ ಸಾವಿನ ದುಃಖದ ಬಗ್ಗೆ ‘ಹ್ಯಾಮ್ನೆಟ್’ ಮಾಡಿದರು. ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರೇಕ್ಷಕರೇ ಮತ ಹಾಕಿ ಕೊಡುವ ಪ್ರಶಸ್ತಿ ಅದಕ್ಕೆ ಸಿಕ್ಕಿತು. ಮಾಡುವವರ ಮನಸ್ಸಿನಲ್ಲಿ ಈ ಎರಡು ಲೋಕಗಳ ನಡುವೆ ಗೋಡೆ ಇಲ್ಲ. ಗೋಡೆ ಇರುವುದು ಹಂಚಿಕೆಯಲ್ಲಿ.

ಹಂಚಿಕೆಯಲ್ಲಿ ಈಗ ಮುಖ್ಯವಾಗಿ ಗಮನಿಸಬೇಕಾದದ್ದು ಥಿಯೇಟರ್‌ಗೆ ಮೀಸಲಾದ ದಿನಗಳು. 2020ಕ್ಕೆ ಮೊದಲು ಒಂದು ಸಿನಿಮಾ ಸುಮಾರು ಮೂರು ತಿಂಗಳು ಥಿಯೇಟರ್ ಬಿಟ್ಟು ಬೇರೆಲ್ಲೂ ಸಿಗುತ್ತಿರಲಿಲ್ಲ. ಆ ವರ್ಷದ ಜುಲೈನಲ್ಲಿ ಯೂನಿವರ್ಸಲ್ ಸ್ಟುಡಿಯೋ ಮತ್ತು ಥಿಯೇಟರ್ ಕಂಪನಿ ಎಎಂಸಿ ಮಾಡಿಕೊಂಡ ಒಪ್ಪಂದ ಅದನ್ನು 17 ದಿನಕ್ಕೆ ಇಳಿಸುವ ದಾರಿ ತೆರೆಯಿತು. ಬೇರೆಯವರೂ ತಮ್ಮ ತಮ್ಮ ಲೆಕ್ಕದಲ್ಲಿ ದಿನ ಕಡಿತ ಮಾಡಿದರು. ‘ಎಂಡ್‌ಗೇಮ್’ನಂಥ ಚಿತ್ರಕ್ಕೆ ಇದರಿಂದ ದೊಡ್ಡ ಪೆಟ್ಟಿಲ್ಲ. ಅದು ಮೊದಲ ವಾರಾಂತ್ಯದಲ್ಲೇ ಜಗತ್ತಿನಾದ್ಯಂತ 120 ಕೋಟಿ ಡಾಲರ್ ಮಾಡಿತ್ತು. ಡ್ರಾಮಾ ಹಾಗೆ ಓಡುವುದಿಲ್ಲ. 2016ರ ‘ಮೂನ್‌ಲೈಟ್’ ಶುರುವಾದದ್ದು ನಾಲ್ಕೇ ಥಿಯೇಟರ್‌ಗಳಲ್ಲಿ. ನೋಡಿದವರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ, ವಾರ ಕಳೆದಂತೆ ತೆರೆಗಳು ಹೆಚ್ಚಿ, ಅತ್ಯುತ್ತಮ ಚಿತ್ರದ ಆಸ್ಕರ್ ಹೊತ್ತಿಗೂ ಅದು ಥಿಯೇಟರ್‌ನಲ್ಲಿತ್ತು. ಕೊನೆಗೆ ಜಗತ್ತಿನಾದ್ಯಂತ 6 ಕೋಟಿ ಡಾಲರ್ ದಾಟಿತು. ‘ಮ್ಯಾಂಚೆಸ್ಟರ್ ಬೈ ದಿ ಸೀ’ ಕೂಡ ಹೀಗೇ ಬೆಳೆದದ್ದು. ಅದನ್ನು ಕೊಂಡಿದ್ದ ಅಮೆಜಾನ್‌ಗೆ ಸ್ವಂತ ಒಟಿಟಿ ಇದ್ದರೂ ಮೊದಲು ಥಿಯೇಟರ್‌ನಲ್ಲಿ ಓಡಲು ಬಿಟ್ಟಿತ್ತು.

ಆದ್ದರಿಂದ ಡ್ರಾಮಾ ಉಳಿಯಬೇಕು ಅನ್ನುವವರು ಸೂಪರ್‌ಹೀರೋ ಅಭಿಮಾನಿಗಳ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ. ಕೇಳಬೇಕಾದದ್ದು ಸ್ಟುಡಿಯೋಗಳನ್ನು ಮತ್ತು ಥಿಯೇಟರ್ ಮಾಲೀಕರನ್ನು: ಮೊದಲ ವಾರಾಂತ್ಯದ ಗಳಿಕೆ ನೋಡಿ ತೆಗೆದುಹಾಕದೆ, ಬಾಯಿಂದ ಬಾಯಿಗೆ ಸುದ್ದಿ ಹರಡುವಷ್ಟು ವಾರ ಒಂದೆರಡು ತೆರೆಗಳನ್ನಾದರೂ ಇಂಥ ಚಿತ್ರಗಳಿಗೆ ಬಿಡುತ್ತೀರಾ ಅಂತ. ಸದ್ಯಕ್ಕೆ ಹೆಚ್ಚಿನವರ ಉತ್ತರ ಇಲ್ಲ ಅನ್ನುವುದೇ.